1930ರ ಕಾಗದ ತನ್ನಿ

ನಮ್ಮ ಕರಾವಳಿಯ ರಾಜಕೀಯವನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಇಲ್ಲಿ ಯಾರು ಸಾಕ್ಷಿ ಕೊಡಬೇಕು, ಯಾರು ಕೊಡದಿದ್ದರೂ ನಡೆಯುತ್ತದೆ? ಕುಮಟಾ, ಹೊನ್ನಾವರ, ಭಟ್ಕಳ ಒಂದೇ ಹೆದ್ದಾರಿಯ ಮೇಲಿರುವ ಮೂರು ತಾಲೂಕುಗಳು. ಇಲ್ಲಿ ವೇದಿಕೆ ಹತ್ತಿ ಒಂದು ಸಾವನ್ನು ಕೊಲೆ ಎಂದು ಕೂಗಲು ಯಾವ ಸಾಕ್ಷಿಯೂ ಬೇಕಿಲ್ಲ. ಆದರೆ ಬೆಟ್ಟದ ಬುಡದಲ್ಲಿ ಅಜ್ಜನ ಕಾಲದಿಂದ ಗೇಯುತ್ತಿರುವ ಹತ್ತು ಗುಂಟೆ ನೆಲ ತನ್ನದು ಎನ್ನಲು 75 ವರ್ಷಗಳ ಸಾಕ್ಷಿ ಬೇಕು. ಈ ಎರಡನ್ನೂ ನಾವು ಬೇರೆ ಬೇರೆ ಸುದ್ದಿಗಳೆಂದು ಓದುತ್ತೇವೆ. ನನ್ನ ಮಟ್ಟಿಗೆ ಎರಡೂ ಒಂದೇ ಸುದ್ದಿ.

ಮೊದಲನೆಯದು ಎಲ್ಲರಿಗೂ ಗೊತ್ತು. 2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಎರಡು ಕೋಮಿನವರ ನಡುವೆ ಗಲಾಟೆಯಾಯಿತು. ಎರಡು ದಿನಗಳ ನಂತರ ಪೇಟೆಯ ಶೆಟ್ಟಿಕೆರೆಯಲ್ಲಿ ಮೀನುಗಾರ ಕುಟುಂಬದ ಒಬ್ಬ ಹುಡುಗನ ಶವ ಸಿಕ್ಕಿತು. ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬ್ಯಾನರುಗಳಲ್ಲಿ, ಭಾಷಣಗಳಲ್ಲಿ, ಚುನಾವಣೆಯ ಕರಪತ್ರಗಳಲ್ಲಿ ಅದನ್ನು ಬಳಸಿದ್ದು ಸಾಕು. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ, ಕುದಿಯುವ ಎಣ್ಣೆ ಸುರಿದಿದ್ದಾರೆ ಎಂಬ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಶವಪರೀಕ್ಷೆ ಮಾಡಿದ ವೈದ್ಯರು ಹಾಗಿಲ್ಲ ಎಂದರು, ಆದರೆ ಕೇಳುವ ಕಿವಿಗಳಿರಲಿಲ್ಲ. ಡಿಸೆಂಬರ್ 11ರಂದು ಕುಮಟಾ ಹೊತ್ತಿ ಉರಿಯಿತು, ಪೊಲೀಸ್ ಮಹಾನಿರೀಕ್ಷಕರ ಕಾರಿಗೇ ಬೆಂಕಿ ಬಿತ್ತು. ಮರುದಿನ ಶಿರಸಿ. ಆಗಿನ ಸಿದ್ದರಾಮಯ್ಯ ಸರ್ಕಾರ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು.

ಸಿಬಿಐ ಉತ್ತರ ಕೊಟ್ಟಿದ್ದು 2022ರ ಅಕ್ಟೋಬರಿನಲ್ಲಿ. ಅದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು. ಹೆಚ್ಚುಕಡಿಮೆ ಐದು ವರ್ಷ. ನಡುವೆ 2018ರ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ನಡೆದಿತ್ತು. 2013ರಲ್ಲಿ ಪಕ್ಷೇತರರನ್ನು ಗೆಲ್ಲಿಸಿದ್ದ ಭಟ್ಕಳ, ಕಾಂಗ್ರೆಸ್ಸನ್ನು ಗೆಲ್ಲಿಸಿದ್ದ ಕುಮಟಾ, ಎರಡೂ ಬಿಜೆಪಿಗೆ ಹೋಗಿದ್ದವು. ಹೊನ್ನಾವರ ತಾಲೂಕು ಈ ಎರಡು ಕ್ಷೇತ್ರಗಳಿಗೆ ಹಂಚಿಹೋಗಿರುವುದರಿಂದ ಒಂದು ಕೆರೆಯ ಸುದ್ದಿ ಎರಡೂ ಕಡೆ ಮತವಾಗುತ್ತದೆ. ಗೆಲುವಿಗೆ ಅದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಚುನಾವಣೆಗಳು ಅಷ್ಟು ಸರಳವಲ್ಲ, ನಮ್ಮ ಮತದಾರರೂ ಅಷ್ಟು ದಡ್ಡರಲ್ಲ. ಆದರೆ ಕೊಲೆ ಎಂದು ಕೂಗಿದವರಲ್ಲಿ ಒಬ್ಬರಾದರೂ ವರದಿ ಬಂದ ಮೇಲೆ ಅದೇ ಮೈದಾನದಲ್ಲಿ ಅದೇ ಮೈಕು ಹಿಡಿದು ಮಾತಾಡಬೇಕಾಗಿ ಬಂತೇ? ಇಲ್ಲ. ವರದಿಯನ್ನು ಒಪ್ಪದಿರುವ ಹಕ್ಕು ಹೆತ್ತವರಿಗೆ ಇದೆ, ಅವರ ದುಃಖಕ್ಕೆ ಯಾರೂ ಸಾಕ್ಷಿ ಕೇಳಬಾರದು. ನಾನು ಕೇಳುತ್ತಿರುವುದು ಆ ದುಃಖವನ್ನು ಬಾಡಿಗೆಗೆ ಪಡೆದವರನ್ನು.

ಇದು ಹೊಸತೂ ಅಲ್ಲ. 1996ರ ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ, ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಕೊಂದವರು ಯಾರೆಂಬುದು ಇಂದಿಗೂ ಸಾಬೀತಾಗಿಲ್ಲ. ಆದರೆ ಊರಿನ ಒಂದು ಇಡೀ ಸಮುದಾಯ ಆ ಸಾವಿಗೆ ಉತ್ತರ ಕೊಡುತ್ತಲೇ ಬಂತು. ಆಮೇಲೆ ಬಾಂಬ್ ಸ್ಫೋಟದ ಪ್ರಕರಣಗಳಲ್ಲಿ ಕೇಳಿಬಂದ ಬೆರಳೆಣಿಕೆಯವರ ಹೆಸರಿನ ಪಕ್ಕ ಟೀವಿಯವರು ಊರಿನ ಹೆಸರನ್ನೇ ಅಂಟಿಸಿದರು. ಶತಮಾನಗಳಿಂದ ಅರಬ್ ನಾಡಿನೊಂದಿಗೆ ವ್ಯಾಪಾರ ಮಾಡಿಕೊಂಡು, ಕೊಂಕಣಿಯ ನಂಟಿನ ನವಾಯತಿ ಮಾತಾಡಿಕೊಂಡು ಬಂದ ಪೇಟೆಯೊಂದು ದೇಶದ ಬಾಯಲ್ಲಿ ಅಪರಾಧದ ಉಪನಾಮವಾಯಿತು. ಗುರುತಿನ ಚೀಟಿಯಲ್ಲಿ ಆ ಊರಿನ ಹೆಸರಿರುವವರು ಹೊರಗೆ ಬಾಡಿಗೆ ಮನೆ ಹುಡುಕುವಾಗ ತಾವು ಒಳ್ಳೆಯವರೆಂದು ಮೊದಲು ರುಜುವಾತು ಮಾಡಬೇಕು. ಆರೋಪಿಸುವವರಿಗೆ ಆ ಕಷ್ಟವಿಲ್ಲ.

ಇನ್ನು ಎರಡನೆಯ ಸುದ್ದಿ, ಯಾವ ಟೀವಿಯೂ ರಾತ್ರಿ ಒಂಬತ್ತಕ್ಕೆ ಚರ್ಚಿಸದ ಸುದ್ದಿ.

ಉತ್ತರ ಕನ್ನಡದ ಬಹುಪಾಲು ನೆಲ ದಾಖಲೆಯಲ್ಲಿ ಅರಣ್ಯ. ಹೀಗಾಗಿ ಇಲ್ಲಿ ಬಡವನ ಗುಡಿಸಲು, ಬಾವಿ, ತೆಂಗಿನ ಸಸಿ, ಎಷ್ಟೋ ಕಡೆ ಶಾಲೆಯ ಅಂಗಳವೂ ಅರಣ್ಯದಲ್ಲೇ ಇವೆ. ಬದುಕುವವನಿಗೆ ಸರ್ಕಾರಿ ಭಾಷೆಯಲ್ಲಿ ಇರುವ ಹೆಸರು ‘ಅತಿಕ್ರಮಣದಾರ’. 2006ರ ಅರಣ್ಯ ಹಕ್ಕು ಕಾಯ್ದೆ ಈ ಹೆಸರನ್ನು ಅಳಿಸಲೆಂದೇ ಬಂತು; ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಅದರ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಒಳಗೆ ಹೋದರೆ ಬಾಗಿಲು ಎರಡು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಅರಣ್ಯದಲ್ಲಿ ವಾಸವಿದ್ದು ಅದನ್ನು ನೆಚ್ಚಿ ಬದುಕಿದ್ದರೆ ಸಾಕು. ಅಲ್ಲವಾದರೆ ನೀವು ‘ಇತರೆ ಪಾರಂಪರಿಕ ಅರಣ್ಯವಾಸಿ’. ಆಗ ಅದೇ ದಿನಾಂಕಕ್ಕೆ ಹಿಂದೆ ಮೂರು ತಲೆಮಾರು, ತಲೆಮಾರಿಗೆ 25 ವರ್ಷ, ಒಟ್ಟು 75 ವರ್ಷ ಇದ್ದದ್ದನ್ನು ತೋರಿಸಬೇಕು. ಲೆಕ್ಕ ಹಾಕಿ: 1930.

1930ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ವರ್ಷದ ಏಪ್ರಿಲಿನಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದರು. ಮುಂದೆ ಅಂಕೋಲಾ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲವೆಂದು ನಿಂತು ಜಮೀನು, ಎತ್ತು, ಪಾತ್ರೆ ಕಳೆದುಕೊಂಡರು. ಶಾಲೆಯಲ್ಲಿ ಇದನ್ನು ಓದಿ ನಾವು ರೋಮಾಂಚನಗೊಂಡಿದ್ದೇವೆ. ಬ್ರಿಟಿಷರ ಕಾಗದವನ್ನು ಧಿಕ್ಕರಿಸಿದ್ದಕ್ಕಾಗಿ ನಾವು ಹೆಮ್ಮೆಪಡುವ ವರ್ಷದ್ದೇ ಬ್ರಿಟಿಷ್ ಕಾಗದವನ್ನು ಸ್ವತಂತ್ರ ಭಾರತದ ಕಚೇರಿ ಇಂದು ಕೇಳುತ್ತಿದೆ. ಅದೂ ಯಾರಿಂದ? ಆಗ ಮತದಾನದ ಹಕ್ಕಿಗೆ ಆಸ್ತಿ ಅಥವಾ ತೆರಿಗೆಯ ಲೆಕ್ಕವಿತ್ತು. ಒಡೆಯರ ಗದ್ದೆಯಲ್ಲಿ ದುಡಿಯುತ್ತಿದ್ದವರ ಹೆಸರು ಮತಪಟ್ಟಿಯಲ್ಲಿ ಇರುವಂತೆಯೇ ಇರಲಿಲ್ಲ. ಎಲ್ಲರಿಗೂ ಮತ ಬಂದಿದ್ದು 1951-52ರಲ್ಲಿ. ಗಣರಾಜ್ಯ ಲೆಕ್ಕಕ್ಕೆ ಹಿಡಿಯುವುದಕ್ಕೆ ಇಪ್ಪತ್ತು ವರ್ಷ ಮೊದಲೇ ತಾವು ಇದ್ದೆವೆಂದು ಇವರು ತೋರಿಸಬೇಕಂತೆ.

ಕುಮಟಾ, ಹೊನ್ನಾವರ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರನ್ನೇ ನೋಡಿ. ಸುಕ್ರಿ ಬೊಮ್ಮಗೌಡರಿಗೆ ಹಾಡಿಗಾಗಿ, ತುಳಸಿ ಗೌಡರಿಗೆ ಕಾಡು ಬೆಳೆಸಿದ್ದಕ್ಕಾಗಿ ಪದ್ಮಶ್ರೀ ಬಂತು. ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದುಹೋದ ತುಳಸಿ ಗೌಡರ ಫೋಟೊವನ್ನು ಎಲ್ಲ ಪಕ್ಷದವರೂ ಹಂಚಿಕೊಂಡರು. ಆದರೆ ಹಾಲಕ್ಕಿಗಳು ದಶಕಗಳಿಂದ ಕೇಳುತ್ತಿರುವ ಪರಿಶಿಷ್ಟ ಪಂಗಡದ ಮಾನ್ಯತೆ ಬಂದಿಲ್ಲ. ಹಾಗಾಗಿ ಕಾಡು ಬೆಳೆಸಿ ಪದ್ಮಶ್ರೀ ಪಡೆದವರ ಸಮುದಾಯವೂ ಕಾಡಿನ ಕಾಯ್ದೆಯಲ್ಲಿ ‘ಇತರೆ’. ಮುಕ್ರಿಯವರು ಪರಿಶಿಷ್ಟ ಜಾತಿ. ಈ ಕಾಯ್ದೆಯ ಮಟ್ಟಿಗೆ ಅವರೂ ಇತರೆ. ಒಡೆಯರು ಊರೊಳಗೆ ಜಾಗ ಕೊಡದೆ ಬೆಟ್ಟದಂಚಿಗೆ ತಳ್ಳಿದ್ದರಿಂದಲೇ ಅರಣ್ಯವಾಸಿಗಳಾದವರು ಎಷ್ಟೋ ಮಂದಿ. ತಳ್ಳಿದವರು ರಸೀದಿ ಕೊಟ್ಟಿರಲಿಲ್ಲ.

ಹಳೆಯ ದಾಖಲೆ ಹುಡುಕುವುದು ಎಂದರೇನು ಎಂಬುದು ನನಗೆ ಸ್ವಲ್ಪ ಗೊತ್ತು, ಪಿಎಚ್‌ಡಿಗೆಂದು ಮಾಡುತ್ತಿರುವ ಕೆಲಸವೇ ಅದು. 1930ರ ಕಂದಾಯ ಕಡತ ಬೇಕೆಂದರೆ ಮುಂಬಯಿಯ ಪತ್ರಾಗಾರಕ್ಕೂ ಹೋಗಬೇಕಾಗುತ್ತದೆ. ವಿಶ್ವವಿದ್ಯಾಲಯದ ಪತ್ರ ಬೇಕು, ಇಂಗ್ಲಿಷ್ ಮತ್ತು ಮೋಡಿ ಲಿಪಿ ಓದಬೇಕು, ಕಡತ ಹೊರಬರುವವರೆಗೆ ಊರು ಬಿಟ್ಟು ಕಾಯಬೇಕು. ಫೆಲೋಶಿಪ್ ಇದ್ದವರಿಗೇ ಇದು ಸುಲಭವಲ್ಲ. ದಿನಗೂಲಿ ಬಿಟ್ಟು ತಾಲೂಕು ಕಚೇರಿಗೆ ಬರುವ ಹೆಂಗಸು ಅದನ್ನು ಒದಗಿಸದಿದ್ದರೆ ಅವಳ ಕೈಗೆ ಸಿಗುವುದು ಹಿಂಬರಹ: ‘ಸೂಕ್ತ ದಾಖಲೆ ಹಾಜರುಪಡಿಸದ ಕಾರಣ ತಿರಸ್ಕರಿಸಲಾಗಿದೆ.’

ಸಿಟ್ಟು ಬರುವುದು ಇಲ್ಲಿಯೇ. ಕಾನೂನು ನಿಜವಾಗಿ ಇಷ್ಟು ಕಠೋರವಾಗಿಲ್ಲ. ಊರಿನ ಹಿರಿಯರ ಹೇಳಿಕೆಯೂ ಸಾಕ್ಷಿ, ಹಳೆಯ ಬಾವಿ, ಸ್ಮಶಾನ, ದೇವರ ಬನವೂ ಸಾಕ್ಷಿ ಎಂದು ನಿಯಮಗಳಲ್ಲಿ ಬರೆದಿದೆ. ಇಂಥದ್ದೇ ದಾಖಲೆ ಬೇಕೆಂದು ಸಮಿತಿಗಳು ಪಟ್ಟು ಹಿಡಿಯಬಾರದು ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. 75 ವರ್ಷ ಎಂಬುದು ಕುಟುಂಬ ಆ ಸೀಮೆಯ ಅರಣ್ಯವನ್ನು ನೆಚ್ಚಿ ಬದುಕಿದ್ದಕ್ಕೆ ಬೇಕು. ಅರ್ಜಿ ಹಾಕಿದ ಅದೇ ತುಂಡು ನೆಲದ ಮೇಲೆ ಅಷ್ಟು ವರ್ಷದ ಸ್ವಾಧೀನಕ್ಕಲ್ಲ. ಕಾಯ್ದೆಯನ್ನು ನಿಧಾನವಾಗಿ ಓದಿದರೆ ತಿಳಿಯುವ ವಿಷಯ ಇದು. ಜಿಲ್ಲೆಯ ಅರಣ್ಯ ಭೂಮಿ ಹೋರಾಟಗಾರರು ಇದನ್ನು ಹೇಳಿ ಹೇಳಿ ದಣಿದಿದ್ದಾರೆ. ಹಿರಿಯರ ಹೇಳಿಕೆ ಸಾಕು ಎನ್ನುವಾಗಲೂ ಒಂದು ಕ್ರೂರ ತಮಾಷೆ ಇದೆ: 1930 ನೆನಪಿರಬೇಕಾದರೆ ಆ ಹಿರಿಯರಿಗೆ ಇಂದು ನೂರು ದಾಟಿರಬೇಕು. ಪ್ರತಿ ಮಳೆಗಾಲಕ್ಕೆ ಸಾಕ್ಷಿಗಳು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ, ಅರ್ಜಿಗಳು ಮಾತ್ರ ಮೇಜಿನ ಮೇಲಿವೆ.

2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸಿ ಎಂದಿತು. ಎರಡು ವಾರಗಳಲ್ಲಿ ಅದೇ ಆದೇಶಕ್ಕೆ ತಡೆ ಕೊಟ್ಟು, ಅರ್ಜಿಗಳನ್ನು ಯಾವ ರೀತಿಯಲ್ಲಿ ತಿರಸ್ಕರಿಸಿದಿರಿ ಹೇಳಿ ಎಂದು ರಾಜ್ಯಗಳನ್ನು ಕೇಳಿತು. ಸಾಕ್ಷಿ ಕೇಳುವವರನ್ನೇ ಸಾಕ್ಷಿ ಕೇಳಿದ ಅಪರೂಪದ ಗಳಿಗೆ ಅದು.

ನನ್ನ ಪರಿಸರವಾದಿ ಗೆಳೆಯರು ಇಲ್ಲಿ ಕೈ ಎತ್ತುತ್ತಾರೆ. 75 ವರ್ಷದ ಷರತ್ತು ಸಡಿಲಿಸಿದರೆ ಪಶ್ಚಿಮ ಘಟ್ಟ ಉಳಿಯುತ್ತದೆಯೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನಿನ್ನೆ ಮೊನ್ನೆ ಕಾಡು ಕಡಿದವನಿಗೆ 2005ರ ದಿನಾಂಕ ಮೊದಲೇ ಬಾಗಿಲು ಮುಚ್ಚಿದೆ, ಹತ್ತು ಎಕರೆಯ ಮಿತಿಯೂ ಇದೆ. ಘಟ್ಟದ ಚಿಂತೆಯನ್ನು ಹೊನ್ನಾವರದ ಗೇರುಸೊಪ್ಪೆಯಲ್ಲಿ ಯಾಕೆ ಮರೆಯುತ್ತೀರಿ? ತಲಕಳಲೆಗೂ ಗೇರುಸೊಪ್ಪೆಗೂ ನಡುವೆ, ಸಿಂಗಳೀಕದ ಅಭಯಾರಣ್ಯದೊಳಗೆ, 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸುರಂಗ ಕೊರೆಯಲು ಸರ್ಕಾರ ಹೊರಟಿದೆ. ನದಿ ಕಡಲು ಸೇರುವಲ್ಲಿ, ಕಾಸರಕೋಡ ಟೊಂಕದಲ್ಲಿ, ಕಡಲಾಮೆ ಮೊಟ್ಟೆಯಿಡುವ, ಮೀನುಗಾರ ಹೆಂಗಸರು ಮೀನು ಒಣಗಿಸುವ ದಂಡೆಯಲ್ಲಿ ಖಾಸಗಿ ಬಂದರು ಬೇಡವೆಂದು ಜನ ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಅಲ್ಲಿಗೆ ಹೋಗಿದ್ದು ಪೊಲೀಸ್ ವ್ಯಾನು. 2023ರಲ್ಲಿ ಗೆದ್ದ ಭಟ್ಕಳದ ಶಾಸಕ ಮಂಕಾಳ ವೈದ್ಯರಿಗೆ ಕಾಂಗ್ರೆಸ್ ಸರ್ಕಾರ ಕೊಟ್ಟ ಖಾತೆಗಳು ಮೀನುಗಾರಿಕೆ ಮತ್ತು ಬಂದರು. ಒಂದು ಕೈಯಲ್ಲಿ ಮೀನು, ಇನ್ನೊಂದರಲ್ಲಿ ಬಂದರು. ಯಾವ ಕೈ ಗಟ್ಟಿ ಎಂಬುದನ್ನು ಟೊಂಕದವರೇ ಹೇಳಬೇಕು.

ಇದರಿಂದ ತಿಳಿಯುತ್ತದೆ, ನಾನು ಒಂದೇ ಪಕ್ಷದ ಮೇಲೆ ಹರಿಹಾಯುತ್ತಿಲ್ಲ ಎಂದು. 75 ವರ್ಷದ ಸಾಲನ್ನು ಬರೆದದ್ದು ಯುಪಿಎ ಕಾಲದ ಸಂಸತ್ತು. 2014ರಿಂದ ಆಳುತ್ತಿರುವವರು ಅದನ್ನು ಮುಟ್ಟಲಿಲ್ಲ. ಉತ್ತರ ಕನ್ನಡದಿಂದ ಆರು ಬಾರಿ ಗೆದ್ದ ಅನಂತಕುಮಾರ ಹೆಗಡೆಯವರು 2017ರಲ್ಲಿ, ಅದೇ ಡಿಸೆಂಬರ್ ತಿಂಗಳಲ್ಲಿ, ತಾವು ಸಂವಿಧಾನ ಬದಲಿಸಲು ಬಂದವರೆಂದು ಕುಕನೂರಿನಲ್ಲಿ ಹೇಳಿ ಲೋಕಸಭೆಯಲ್ಲಿ ಕ್ಷಮೆ ಕೇಳಿದರು. 2024ರ ಮಾರ್ಚಿನಲ್ಲಿ ಸಿದ್ದಾಪುರದ ಕಡೆ ಮತ್ತದೇ ಮಾತು, ಈ ಸಲ 400 ಸೀಟಿನ ಲೆಕ್ಕದೊಂದಿಗೆ. ಪಕ್ಷ ಅದು ಅವರ ಸ್ವಂತ ಅಭಿಪ್ರಾಯ ಎಂದಿತು, ಟಿಕೆಟ್ಟು ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ ಹೋಯಿತು, ಅವರು ಗೆದ್ದರು. ಸಂವಿಧಾನ ಬದಲಿಸಲು 400 ಬೇಕಿರಬಹುದು. ಅರಣ್ಯ ಹಕ್ಕು ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ‘ಮೂರು ತಲೆಮಾರು’ ಎಂಬುದನ್ನು ‘ಒಂದು’ ಎಂದು ತಿದ್ದಲು ಸಾಮಾನ್ಯ ಬಹುಮತ ಸಾಕು. ಅದು ಕೇಂದ್ರದಲ್ಲಿ ಇದ್ದವರೆಲ್ಲರ ಬಳಿಯೂ ಇತ್ತು.

ಈಗ ಪ್ರಶ್ನೆ ನೆಲವನ್ನು ದಾಟಿ ಮತಕ್ಕೇ ಬಂದಿದೆ. 2025ರ ಜೂನಿನಲ್ಲಿ ಬಿಹಾರದಲ್ಲಿ ಚುನಾವಣಾ ಆಯೋಗ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುಮಾಡಿತು. 2003ರ ಪಟ್ಟಿಯಲ್ಲಿ ಇಲ್ಲದವರು 11 ಬಗೆಯ ದಾಖಲೆಗಳಲ್ಲಿ ಒಂದನ್ನು ಕೊಡಬೇಕಿತ್ತು. ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಬಿದ್ದವು. ಬಿಟ್ಟವರ ಹೆಸರನ್ನೂ ಬಿಟ್ಟ ಕಾರಣವನ್ನೂ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು; ಆಧಾರ್ ಅನ್ನು ಹನ್ನೆರಡನೆಯದಾಗಿ ಸೇರಿಸಲೂ ಕೋರ್ಟೇ ಬೇಕಾಯಿತು. ಆ 11ರ ಪಟ್ಟಿಯನ್ನು ಓದುತ್ತಿದ್ದಾಗ ಒಂದು ಸಾಲಿನಲ್ಲಿ ನನ್ನ ಕಣ್ಣು ನಿಂತಿತು. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಮೆಟ್ರಿಕ್ ಪ್ರಮಾಣಪತ್ರಗಳ ಸಾಲಿನಲ್ಲಿ ಅರಣ್ಯ ಹಕ್ಕುಪತ್ರವೂ ಇತ್ತು.

ಅಂಥದ್ದೇ ಫಾರಂ ಹಿಡಿದು ನಾಳೆ ನಮ್ಮ ಬೆಟ್ಟದ ಬುಡದ ಮನೆಗೆ ಬೂತ್ ಅಧಿಕಾರಿ ಬಂದರೆ, ಆ ಹೆಂಗಸು ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದು ಬಿಚ್ಚುತ್ತಾಳೆ. ರೇಷನ್ ಕಾರ್ಡು, ಆಧಾರ್, ಕರೆಂಟು ಬಿಲ್ಲು, ಜಿಪಿಎಸ್ ಮಾಡಿದ ನಕ್ಷೆ, ಎಲ್ಲದರ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಆ ಹಿಂಬರಹ.