ತಲೆ ಎಣಿಸಿದರು, ಹೆಸರು ಎಸೆದರು

ಲಿಂಕ್ಡ್‌ಇನ್‌ನಲ್ಲಿ ನಮ್ಮ ಎರಡು ತಿಂಗಳ ಇಂಟರ್ನ್‌ಶಿಪ್ಪಿಗೂ ಒಂದು ಸಾಲು ಇರುತ್ತೆ. ನಲವತ್ತು ವರ್ಷ ದುಡಿದ ಮುತ್ತಜ್ಜನಿಗೆ ಅಂಥದ್ದೊಂದು ಸಾಲು ಎಲ್ಲಾದರೂ ಇದೆಯಾ, ಹುಡುಕಿ ನೋಡಿ. ಯಾವ ಮಿಲ್ಲು, ಯಾವ ಶಿಫ್ಟು, ದಿನಕ್ಕೆ ಎಷ್ಟು ಕೂಲಿ? ಮನೇಲಿ ಕೇಳಿದರೆ "ಬಿನ್ನಿ ಮಿಲ್ಲಲ್ಲಿ ಇದ್ರಂತೆ" ಅನ್ನೋ ಒಂದು "ಅಂತೆ" ಸಿಗುತ್ತೆ. ಸರ್ಕಾರವನ್ನ ಕೇಳಿದರೆ ಆ "ಅಂತೆ"ಯೂ ಸಿಗಲ್ಲ.

ಯಾರೂ ಬರೆದುಕೊಳ್ಳಲಿಲ್ಲ ಅಂತಲ್ಲ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಈ ದೇಶದಲ್ಲಿ ಜನಗಣತಿ ನಡೆದಿದೆ. ಗಣತಿಯವರು ಬಾಗಿಲಿಗೆ ಬಂದು ಹೆಸರು, ವಯಸ್ಸು, ಕಸುಬು ಎಲ್ಲ ಬರೆದುಕೊಂಡು ಹೋದರು. ಆಮೇಲೆ ಕೂಡಿಸಿ, ಗುಣಿಸಿ, ದಪ್ಪ ದಪ್ಪ ವರದಿ ಅಚ್ಚು ಹಾಕಿಸಿದರು. ಮೈಸೂರು ಸಂಸ್ಥಾನದ ಹಳೇ ವರದಿಗಳನ್ನ ಇವತ್ತೂ ಓದಬಹುದು. ನೇಕಾರರು ಎಷ್ಟು, ಕುಂಬಾರರು ಎಷ್ಟು, ಎಲ್ಲ ಲೆಕ್ಕ ಇದೆ. ಆದರೆ ಆ ಲೆಕ್ಕಕ್ಕೆ ಆಧಾರವಾದ ಹೆಸರಿನ ಹಾಳೆಗಳು ಉಳಿದಿಲ್ಲ. ಮೊತ್ತ ಸಿಕ್ಕಿತು, ಹಾಳೆ ಬೇಡವಾಯಿತು.

ಅದೇ ಬ್ರಿಟಿಷರು ತಮ್ಮ ಊರಲ್ಲಿ ಹೀಗೆ ಮಾಡಲಿಲ್ಲ. 1921ರಲ್ಲಿ ಇಂಗ್ಲೆಂಡಿನಲ್ಲೂ ಗಣತಿ ಆಯ್ತು, ಇಲ್ಲೂ ಆಯ್ತು. ಅಲ್ಲಿನ ಹಾಳೆಗಳನ್ನ ನೂರು ವರ್ಷ ಕಾಪಾಡಿ, 2022ರ ಜನವರಿಯಲ್ಲಿ ಜನರಿಗೆ ತೆರೆದಿಟ್ಟರು. ಅದರಲ್ಲಿ ಕಸುಬಷ್ಟೇ ಅಲ್ಲ, ಮಾಲೀಕ ಯಾರು, ಕೆಲಸದ ಜಾಗ ಯಾವುದು ಅನ್ನೋದೂ ಇದೆ. ಅಮೆರಿಕದವರು 72 ವರ್ಷಕ್ಕೆ ತೆರೆಯುತ್ತಾರೆ; 1950ರ ಗಣತಿಯನ್ನ 2022ರಲ್ಲೇ ಬಿಟ್ಟರು. ಲಂಡನ್ನಿನ ಗುಮಾಸ್ತನ ಮರಿಮಗಳು ಮನೇಲಿ ಕೂತು ತನ್ನ ಮುತ್ತಜ್ಜನ ಆಫೀಸಿನ ವಿಳಾಸ ಓದಬಹುದು. ಬಿನ್ನಿಪೇಟೆಯ ಕೂಲಿಯ ಮರಿಮಗಳಿಗೆ ಆ ಭಾಗ್ಯ ಇಲ್ಲ.

ಇಂಗ್ಲಿಷರನ್ನ ಬೈದು ಸುಮ್ಮನಾಗೋಣ ಅಂದರೆ ಅದೂ ಆಗಲ್ಲ. ಸ್ವಾತಂತ್ರ್ಯ ಬಂದ ಮೇಲೆ ನಾವೇ ಮಾಡಿಕೊಂಡ 1948ರ ಜನಗಣತಿ ಕಾಯ್ದೆಯ 15ನೇ ಕಲಂ, ಗಣತಿಯ ದಾಖಲೆಗಳನ್ನ ನೋಡುವ ಹಕ್ಕು ಯಾರಿಗೂ ಇಲ್ಲ ಅನ್ನುತ್ತೆ. ಎಷ್ಟು ವರ್ಷದವರೆಗೆ? ಅವಧಿಯೇ ಇಲ್ಲ. ಸತ್ತವರ ಗುಟ್ಟನ್ನ ಮೊಮ್ಮಕ್ಕಳಿಂದಲೂ ಶಾಶ್ವತವಾಗಿ ಕಾಯೋ ಕಾಯ್ದೆ ಇದು.

ಇನ್ನೊಂದು ವಿಚಿತ್ರ ಇದೆ. ಇದೇ ದೇಶದಿಂದ ಕರಾರು ಕೂಲಿಗಳಾಗಿ ಹಡಗು ಹತ್ತಿದವರ ಗುರುತು ಉಳಿದಿದೆ. 1879ರಿಂದ 1916ರವರೆಗೆ ಕಲ್ಕತ್ತಾ, ಮದ್ರಾಸಿನಿಂದ ಫಿಜಿಯ ಕಬ್ಬಿನ ತೋಟಗಳಿಗೆ ಸುಮಾರು 60,000 ಜನ ಹೋದರು. ಹೆಸರು, ತಂದೆಯ ಹೆಸರು, ಊರು, ಜಾತಿ, ಎತ್ತರ, ಮೈಮೇಲಿನ ಮಚ್ಚೆವರೆಗೂ ಬರೆದ ಪಾಸುಗಳಿದ್ದವು. ಪ್ರೀತಿಯಿಂದ ಬರೆದಿದ್ದಲ್ಲ ಬಿಡಿ, ಓಡಿಹೋದರೆ ಹಿಡಿಯೋಕೆ ಬರೆದಿದ್ದು. ಆದರೂ ಇವತ್ತು ಅವರ ಮೊಮ್ಮಕ್ಕಳು ಆ ಪಾಸು ಹಿಡಿದು ಊರು ಹುಡುಕಿಕೊಂಡು ಬರುತ್ತಾರೆ. ಇಲ್ಲೇ ಉಳಿದು ದುಡಿದವರ ಮೊಮ್ಮಕ್ಕಳಾದ ನಮ್ಮ ಕೈಯಲ್ಲಿ ಏನೂ ಇಲ್ಲ.

ಕೆಜಿಎಫ್ ಅಂದರೆ ನಮಗೆಲ್ಲ ರಾಕಿ ಭಾಯ್ ಗೊತ್ತು. 1880ರಿಂದ 2001ರವರೆಗೆ ನಿಜವಾದ ಆ ಗಣಿಗಳಲ್ಲಿ, ಮೂರು ಕಿಲೋಮೀಟರಿಗೂ ಆಳದಲ್ಲಿ ಕಲ್ಲು ಒಡೆದವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ಮಂತ್ರಿ ಮಾಲ್‌ನಲ್ಲಿ ಸಿನಿಮಾ ನೋಡ್ತೀವಿ. ಅದು ರಾಜಾ ಮಿಲ್ಲಿನ ಜಾಗ. ಅಲ್ಲಿ ನೂಲು ತೆಗೆದವರ ಹಾಜರಿ ಪುಸ್ತಕ ನೋಡಬೇಕು ಅಂದರೆ ಯಾವ ಬಾಗಿಲು ತಟ್ಟಬೇಕು? ಸರ್ಕಾರಿ ನೌಕರರಿಗೆ ಸರ್ವಿಸ್ ರಿಜಿಸ್ಟರ್ ಇರುತ್ತೆ. ಜಮೀನಿದ್ದವರಿಗೆ ಪಹಣಿ ಇರುತ್ತೆ. ಬರೀ ಕೈ ಇದ್ದವರ ಮಸ್ಟರ್ ರೋಲು ಗುಜರಿಗೆ ಹೋಗುತ್ತೆ.

ಉತ್ತರ ಕರ್ನಾಟಕದ ಕಡೆಯವರಿಗೆ ಹೆಳವರು ಗೊತ್ತಿರುತ್ತಾರೆ. ಊರೂರಿಗೆ ಬಂದು ಮನೆತನದ ತಲೆಮಾರುಗಳನ್ನೆಲ್ಲ ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನ ಸೇರಿಸಿಕೊಂಡು ಹೋಗೋರು. ಒಂದು ಚೀಲ ಜೋಳಕ್ಕೆ ಅವರು ಮಾಡಿದ ಕೆಲಸವನ್ನ, ಇಷ್ಟು ದೊಡ್ಡ ಸರ್ಕಾರ ನಮ್ಮದೇ ತೆರಿಗೆ ದುಡ್ಡಲ್ಲಿ ಮಾಡಲಿಲ್ಲ.

"ಪ್ರೈವೆಸಿ ಬೇಡ್ವಾ?" ಅಂತ ಕೇಳೋರು ಇದ್ದಾರೆ. ಖಂಡಿತ ಬೇಕು. ಜಾತಿ ಬರೆದಿರೋ ಹಾಳೆ ಬದುಕಿರೋರ ವಿರುದ್ಧ ಆಯುಧ ಆಗಬಾರದು. ಅದಕ್ಕೇ ಕಾಲಮಿತಿ ಕೇಳ್ತಿರೋದು. ಎಂಬತ್ತು ವರ್ಷ ಮುಚ್ಚಿಡಿ, ಮೊದಲು ನೇರ ವಾರಸುದಾರರಿಗಷ್ಟೇ ತೋರಿಸಿ, ಜಾತಿಯ ಕಲಂ ಇನ್ನೂ ತಡವಾಗಿ ಬಿಡಿ. ಪ್ರೈವೆಸಿ ಅಂದರೆ ಬೀಗ ಹಾಕೋದು, ಪೆಟ್ಟಿಗೆ ಸುಡೋದಲ್ಲ. ಅಷ್ಟಕ್ಕೂ ಬೇಕಾದಾಗ ಸರ್ಕಾರ ಹಳೇ ಕಾಗದ ಕೇಳದೆ ಬಿಡುತ್ತಾ? 1951ರ ಗಣತಿಯಿಂದ ಅಸ್ಸಾಮಿನಲ್ಲಿ ಎನ್‌ಆರ್‌ಸಿ ತಯಾರಿಸಿದ್ದರು. ಮುಂದೆ ಅಲ್ಲಿನ ಜನರಿಗೆ ಅದರಲ್ಲೋ ಹಳೇ ಮತದಾರರ ಪಟ್ಟಿಯಲ್ಲೋ ಅಜ್ಜನ ಹೆಸರು ತೋರಿಸಿ ಅಂದರು. 2019ರ ಕೊನೇ ಪಟ್ಟಿಯಿಂದ 19 ಲಕ್ಷ ಜನ ಹೊರಗುಳಿದರು. ಕಾಗದ ಉಳಿಸೋ ಹೊಣೆ ಬಡವನದು, ಕೇಳೋ ಹಕ್ಕು ಸರ್ಕಾರದ್ದು. ಇದು ಯಾವ ನ್ಯಾಯ?

ಹಾಳೆ ಉಳಿದಿದ್ದರೂ ಅಜ್ಜಿಯರು ಅದರಲ್ಲಿ ಸಿಗೋದು ಕಷ್ಟವೇ. 2011ರ ಗಣತಿಯಲ್ಲೂ ಮನೆಗೆಲಸ ಮಾಡೋರು ಬರೋದು "ಕೆಲಸ ಮಾಡದವರ" ಗುಂಪಿಗೆ. ಬಾಗಿಲಲ್ಲಿ ನಿಂತ ಗಂಡಸು "ಅವಳು ಮನೇಲೇ ಇರ್ತಾಳೆ" ಅಂದುಬಿಟ್ಟರೆ ಬೀಡಿ ಕಟ್ಟಿದ್ದು, ನಾಟಿ ಮಾಡಿದ್ದು ಎಲ್ಲ ಮಾಯ.

ಈಗ 2027ರ ಗಣತಿ ಡಿಜಿಟಲ್. ಮೊಬೈಲ್ ಆ್ಯಪ್‌ನಲ್ಲೇ ಎಣಿಕೆ, ಬೇಕಾದರೆ ನಾವೇ ತುಂಬಬಹುದು. ಗೋದಾಮಿನಲ್ಲಿ ಜಾಗ ಇಲ್ಲ, ಗೆದ್ದಲು ತಿಂತು ಅನ್ನೋ ನೆಪ ಮುಗೀತು. 15ನೇ ಕಲಮಿಗೆ ಒಂದು ತಿದ್ದುಪಡಿ ಸಾಕು: ಮನೆಮನೆಯ ದಾಖಲೆಯನ್ನ ಹೆಸರಿನ ಸಮೇತ ಕಾಪಾಡಿ, ಇಷ್ಟು ವರ್ಷಕ್ಕೆ ತೆರೆಯಬೇಕು. ಅದರ ಜೊತೆಗೆ, ಮುಚ್ಚಿಹೋದ ಕಾರ್ಖಾನೆಗಳ ಹಾಜರಿ ಪುಸ್ತಕಗಳು ಗುಜರಿಗೆ ಹೋಗೋ ಮೊದಲು ರಾಜ್ಯ ಪತ್ರಾಗಾರ ತೆಗೆದುಕೊಳ್ಳಬೇಕು. ನಿಮ್ಮ ಎಂಪಿಗೆ ಒಂದು ಮೇಲ್ ಬರೆಯೋಕೆ ಹತ್ತು ನಿಮಿಷ ಸಾಕು.

ಗಣತಿಯವರು ಬಂದಾಗ ಮನೇಲಿರೋ ಹೆಂಗಸರು ಮಾಡೋ ಕೆಲಸವನ್ನ ಅವರ ಬಾಯಿಂದಲೇ ಹೇಳಿಸಿ, ಬರೆಸಿ. ಆ ಸಾಲನ್ನ ಓದೋ ಹಕ್ಕು ಮುಂದಿನವರಿಗೆ ಸಿಗಬೇಕಾದರೆ ಇವತ್ತು ನಾವೇ ಕೇಳಬೇಕು.