ಹಲಗೆಯವರ ಹೆಸರೂ ಹಾಕಿ

1983ರಲ್ಲಿ ನಮ್ಮ ಬೆಂಗಳೂರಿನ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 'ಜ್ಯೋತಿ' ಆಲ್ಬಮ್ ಮಾಡ್ತು. ರಮಾಮಣಿಯವರ ಹಾಡು, ಮಣಿಯವರ ಮೃದಂಗ. ಒಳ್ಳೆ ಸಂಗೀತ, ತಕರಾರಿಲ್ಲ.

ನನ್ನ ಪ್ರಶ್ನೆ ಬೇರೆ. ಜಾಝ್ ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನ ಕಪ್ಪು ಜನರ ಕೇರಿಗಳಲ್ಲಿ. ಅದಕ್ಕೆ ಇಲ್ಲಿ ಕಛೇರಿ ವೇದಿಕೆ ಸಿಕ್ತು. ನಮ್ಮ ಕೇರಿ ಹಲಗೆಗೆ ಯಾಕೆ ಸಿಗಲಿಲ್ಲ? ಮೃದಂಗಕ್ಕೂ ದನದ ಚರ್ಮನೇ ಬೇಕು ಸ್ವಾಮಿ! ಚರ್ಮ ದೇವಸ್ಥಾನದ ಒಳಗೆ, ಹದ ಮಾಡಿದವನು ಹೊರಗೆ. ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದದ್ದೇ 2023ರಲ್ಲಿ.

ಬಸವಾಪಟ್ಟಣ, ಚನ್ನಗಿರಿ ಕಡೆ ಫ್ಯೂಷನ್ ಕಾರ್ಯಕ್ರಮ ಮಾಡೋರೇ, ಹಲಗೆಯವರನ್ನ ಗಣ್ಯರ ಮೆರವಣಿಗೆಗೆ ಮಾತ್ರ ಕರೀಬೇಡಿ. ವೇದಿಕೆ ಹತ್ತಿಸಿ, ಪೋಸ್ಟರ್‌ನಲ್ಲಿ ಹೆಸರು ಹಾಕಿ, ಸ್ಯಾಕ್ಸೋಫೋನಿನವರಿಗೆ ಕೊಟ್ಟಷ್ಟೇ ಸಂಭಾವನೆ ಕೊಡಿ.

ಜೈ ಭೀಮ್.