ಗುಡ್ ಎಲ್ಲಿ, ವೆಲ್ ಎಲ್ಲಿ?

'ಊಟ ಚೆನ್ನಾಗಿದೆ' ಅನ್ನುತ್ತೇವೆ. 'ಅವಳು ಚೆನ್ನಾಗಿ ಹಾಡುತ್ತಾಳೆ' ಎಂದೂ ಅನ್ನುತ್ತೇವೆ. ಮೊದಲನೆಯದು ಊಟದ ಗುಣ, ಎರಡನೆಯದು ಹಾಡುವ ರೀತಿ. ಕನ್ನಡಕ್ಕೆ ಎರಡಕ್ಕೂ 'ಚೆನ್ನಾಗಿ' ಸಾಕು. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಊಟಕ್ಕೆ 'ಗುಡ್', ಹಾಡುವುದಕ್ಕೆ 'ವೆಲ್' ಎಂದು ಪಟ್ಟು ಹಿಡಿಯುತ್ತದೆ. ನಮ್ಮ ಮಕ್ಕಳು, ಅಷ್ಟೇಕೆ, ನಮ್ಮ ಕಚೇರಿಗಳ ದೊಡ್ಡವರೂ ಇಂಗ್ಲಿಷಿನ ಅಡ್ಜೆಕ್ಟಿವ್-ಅಡ್ವರ್ಬುಗಳಲ್ಲಿ ಎಡವುವುದಕ್ಕೆ ಅಜಾಗರೂಕತೆ ಕಾರಣವೆಂದು ಮೇಷ್ಟ್ರುಗಳು ಬೈಯುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಗೆರೆ ಎಳೆದಿರುವ ಜಾಗವೇ ಎರಡು ಭಾಷೆಗಳಲ್ಲಿ ಬೇರೆ.

ನಮ್ಮ ಗೆರೆ ಎಲ್ಲಿದೆ ನೋಡಿ. ನಾಮಪದದ ಮುಂದೆ ನಿಂತಾಗ 'ಒಳ್ಳೆಯ ಊಟ', 'ತಣ್ಣನೆಯ ನೀರು', 'ಬಿಳಿ ಗೋಡೆ', 'ಎತ್ತರದ ಮರ'. ಕ್ರಿಯಾಪದದ ಕಡೆ ಸರಿದ ಕೂಡಲೇ ರೂಪ ಬದಲಾಗುತ್ತದೆ: 'ಊಟ ಚೆನ್ನಾಗಿದೆ', 'ನೀರು ತಣ್ಣಗಿದೆ', 'ಗೋಡೆ ಬೆಳ್ಳಗಿದೆ', 'ಮರ ಎತ್ತರವಾಗಿ ಬೆಳೆದಿದೆ'. ಬರೀ 'ಇದೆ' ಇರಲಿ, 'ಬೆಳೆದಿದೆ' ಇರಲಿ, ಪಕ್ಕದಲ್ಲಿ ಕ್ರಿಯಾಪದವಿದ್ದರೆ ನಮಗೆ 'ಆಗಿ', 'ಅಗೆ' ಬೇಕು. ವಿಶೇಷಣವೆಂಬ ವರ್ಗ ಭಾಷೆಯಿಂದ ಭಾಷೆಗೆ ಹೇಗೆ ಬೇರೆಯಾಗುತ್ತದೆ ಎಂಬುದರ ಮೇಲೆಯೇ ನಮ್ಮ ಡಿ.ಎನ್. ಶಂಕರ ಭಟ್ಟರು 1994ರಲ್ಲಿ ಇಂಗ್ಲಿಷಿನಲ್ಲೊಂದು ಪುಸ್ತಕ ಬರೆದರು. ನಮ್ಮ ಇಂಗ್ಲಿಷ್ ತರಗತಿಗಳಿಗೆ ಆ ಬಗೆಯ ವಿಚಾರ ಇನ್ನೂ ಇಳಿದುಬಂದಂತೆ ಕಾಣುವುದಿಲ್ಲ.

ತರಗತಿಯಲ್ಲಿ ಹೇಳಿಕೊಡುವುದು ಇಷ್ಟು: ನಾಮಪದಕ್ಕೆ ಅಡ್ಜೆಕ್ಟಿವ್, ಕ್ರಿಯಾಪದಕ್ಕೆ ಅಡ್ವರ್ಬ್, ಅಡ್ವರ್ಬ್ ಬೇಕಾದರೆ ಕೊನೆಗೆ 'ಲಿ' ಹಚ್ಚು. ಸ್ಲೋ ಸ್ಲೋಲಿ ಆಗುತ್ತದೆ, ಕ್ವಿಕ್ ಕ್ವಿಕ್ಲಿ ಆಗುತ್ತದೆ. ಕನ್ನಡದ ಹುಡುಗನಿಗೆ ಇದು ತಟ್ಟನೆ ಹಿಡಿಸುತ್ತದೆ, ಏಕೆಂದರೆ ಅವನ ಮನಸ್ಸಿನಲ್ಲಿ ಮೊದಲೇ ಇರುವ 'ಆಗಿ'ಗೆ ಇಂಗ್ಲಿಷಿನ ಜೋಡಿ ಸಿಕ್ಕಿತು. ಆಮೇಲೆ ಅವನು 'ದಿ ಕಾಫಿ ಸ್ಮೆಲ್ಸ್ ನೈಸ್ಲಿ' ಎಂದು ಬರೆಯುತ್ತಾನೆ. ಸ್ಮೆಲ್ಸ್ ಕ್ರಿಯಾಪದ ತಾನೆ? ಲಿ ಹಚ್ಚಿದ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಾರೆ. ಹುಡುಗ ನಿಯಮ ಮುರಿದಿಲ್ಲ, ಅಕ್ಷರಶಃ ಪಾಲಿಸಿದ್ದಾನೆ.

ಲುಕ್, ಸ್ಮೆಲ್, ಟೇಸ್ಟ್, ಫೀಲ್ ಎಂಬ ಇಂದ್ರಿಯಗಳ ಕ್ರಿಯಾಪದಗಳಲ್ಲಿ ಇಂಗ್ಲಿಷಿನ ಒಂದು ಬಡತನವಿದೆ. ಕನ್ನಡದಲ್ಲಿ 'ನೋಡು' ಬೇರೆ, 'ಕಾಣು' ಬೇರೆ. 'ಮೂಸು' ಬೇರೆ, 'ನಾರು' ಬೇರೆ. 'ರುಚಿ ನೋಡು' ಬೇರೆ, 'ರುಚಿಸು' ಬೇರೆ. 'ಮುಟ್ಟು' ಬೇರೆ, 'ಅನ್ನಿಸು' ಬೇರೆ. ಮಾಡುವವನ ಕೆಲಸಕ್ಕೊಂದು, ತೋರುವ ವಸ್ತುವಿಗೊಂದು ಪದ ನಮ್ಮಲ್ಲಿದೆ. ಇಂಗ್ಲಿಷಿನಲ್ಲಿ ನೋಡುವುದಕ್ಕೂ ಲುಕ್, ಕಾಣುವುದಕ್ಕೂ ಲುಕ್. ಕ್ರಿಯಾಪದ ಒಂದೇ ಆದದ್ದರಿಂದ ಅರ್ಥದ ಭಾರವೆಲ್ಲ ಮುಂದಿನ ಪದದ ಮೇಲೆ ಬೀಳುತ್ತದೆ. 'ಶಿ ಲುಕ್ಡ್ ಆ್ಯಂಗ್ರಿ' ಎಂದರೆ ಕೋಪಗೊಂಡಂತೆ ಕಂಡಳು. 'ಶಿ ಲುಕ್ಡ್ ಆ್ಯಂಗ್ರಿಲಿ ಅಟ್ ಹಿಮ್' ಎಂದರೆ ಅವನನ್ನು ಕೋಪದಿಂದ ನೋಡಿದಳು. 'ದಿ ಡಾಗ್ ಸ್ಮೆಲ್ಸ್ ಬ್ಯಾಡ್' ಎಂದರೆ ನಾಯಿ ನಾರುತ್ತಿದೆ, ಸ್ನಾನ ಮಾಡಿಸಬೇಕು. 'ಬ್ಯಾಡ್ಲಿ' ಎಂದರೆ ನಾಯಿಗೆ ಮೂಸುವುದು ಸರಿಯಾಗಿ ಬರುತ್ತಿಲ್ಲ, ಪಶುವೈದ್ಯರಿಗೆ ತೋರಿಸಬೇಕು. ನಾವು ಎರಡು ಕ್ರಿಯಾಪದಗಳಿಂದ ಮಾಡುವ ಭೇದವನ್ನು ಅವರು ಒಂದು ಲಿಯಿಂದ ಮಾಡುತ್ತಾರೆ. ಇಷ್ಟನ್ನು ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳಿದರೆ ಎಂಟನೇ ತರಗತಿಯ ಮಗುವಿಗೂ ತಿಳಿಯುತ್ತದೆ.

ಅನುಮಾನ ಬಂದಾಗ ಆ ಕ್ರಿಯಾಪದವನ್ನು ತೆಗೆದು 'ಈಸ್' ಇಟ್ಟು ನೋಡಬಹುದು. 'ದಿ ಕಾಫಿ ಈಸ್ ನೈಸ್' ಸರಿಹೋಗುತ್ತದೆ, ಆದ್ದರಿಂದ 'ಸ್ಮೆಲ್ಸ್ ನೈಸ್'. ಫೀಲ್ ಬ್ಯಾಡ್, ಸೌಂಡ್ಸ್ ಸ್ಟ್ರೇಂಜ್, ಟೇಸ್ಟ್ಸ್ ಸ್ವೀಟ್ ಎಲ್ಲವೂ ಈ ಪರೀಕ್ಷೆಯಲ್ಲಿ ಪಾಸು. 'ಹೌ ಆರ್ ಯು' ಎಂದಾಗ 'ಐ ಆ್ಯಮ್ ವೆಲ್' ಎನ್ನಬೇಕೇ, ಈಚಿನವರಂತೆ 'ಐ ಆ್ಯಮ್ ಗುಡ್' ಎನ್ನಬಹುದೇ ಎಂದು ಕೇಳುವವರಿದ್ದಾರೆ. ಅಲ್ಲಿನ ವೆಲ್ ಅಡ್ವರ್ಬ್ ಅಲ್ಲ, ಆರೋಗ್ಯವಾಗಿರುವ ಎಂಬರ್ಥದ ಅಡ್ಜೆಕ್ಟಿವ್. ಮಾತಿನಲ್ಲಿ ಎರಡೂ ನಡೆಯುತ್ತವೆ, ಜಗಳ ಬೇಡ.

ಈ ಲಿ ಬಂದ ದಾರಿ ಸ್ವಾರಸ್ಯವಾಗಿದೆ. ಹಳೆಯ ಇಂಗ್ಲಿಷಿನಲ್ಲಿ 'ಲಿಕ್' ಎಂದರೆ ದೇಹ, ಆಕಾರ. ಇಂಗ್ಲೆಂಡಿನ ಹಳೆಯ ಚರ್ಚುಗಳ ಹೆಬ್ಬಾಗಿಲಲ್ಲಿ ಶವವನ್ನು ಇಳಿಸಿಕೊಳ್ಳುವ ಚಾವಣಿಗೆ ಇಂದಿಗೂ ಲಿಚ್‌ಗೇಟ್ ಎಂದೇ ಹೆಸರು. ಅದು ಇದೇ ಮಾತು. ಸ್ನೇಹಿತನ ರೂಪವುಳ್ಳದ್ದು ಎಂಬ ಅರ್ಥದಲ್ಲಿ 'ಫ್ರೆಂಡ್' ಪದಕ್ಕೆ ಲಿಕ್ ಸೇರಿ ಅಡ್ಜೆಕ್ಟಿವ್ ಆಯಿತು. ಅದರ ಮೇಲೆ ಒಂದು 'ಎ' ಪ್ರತ್ಯಯ ಸೇರಿದರೆ ಅಡ್ವರ್ಬ್. ಕಾಲಕ್ರಮದಲ್ಲಿ ಕೊನೆಯ ಎ ಸವೆದುಹೋಯಿತು, ಎರಡೂ ಲಿ ಆಗಿ ಉಳಿದವು. ಆದ್ದರಿಂದಲೇ ಫ್ರೆಂಡ್ಲಿ, ಲೋನ್ಲಿ, ಕಾಸ್ಟ್ಲಿ, ಎಲ್ಡರ್ಲಿ ಇವೆಲ್ಲ ಲಿ ಇದ್ದೂ ಅಡ್ಜೆಕ್ಟಿವ್. 'ಹಿ ಸ್ಪೋಕ್ ಫ್ರೆಂಡ್ಲಿ' ಎಂದು ಬರೆದರೆ ಕಿವಿಗೆ ಅಪಸ್ವರವೆನಿಸುವುದು ಅದಕ್ಕೇ. 'ಇನ್ ಎ ಫ್ರೆಂಡ್ಲಿ ವೇ' ಎಂದು ಸುತ್ತಿ ಬರಬೇಕಾಗುತ್ತದೆ. ಫ್ರೆಂಚರು ಇದೇ ಕೆಲಸಕ್ಕೆ ಬಳಸುವ 'ಮಾಂ' ಪ್ರತ್ಯಯದ ಮೂಲ ಲ್ಯಾಟಿನ್ನಿನಲ್ಲಿ ಮನಸ್ಸು. ಒಬ್ಬರು ದೇಹವನ್ನು ಹಿಡಿದರು, ಇನ್ನೊಬ್ಬರು ಮನಸ್ಸನ್ನು.

ಎ ಸವೆದ ಕಥೆಗೆ ಇನ್ನೊಂದು ಮುಖವಿದೆ. ಲಿಕ್ ಸೇರದೆ ಬರೀ ಎ ಸೇರಿ ಅಡ್ವರ್ಬ್ ಆಗಿದ್ದ ಹಾರ್ಡ್, ಫಾಸ್ಟ್ ಮುಂತಾದ ಪದಗಳು ಎ ಕಳೆದುಕೊಂಡು ಅಡ್ಜೆಕ್ಟಿವ್‌ನ ಹಾಗೆಯೇ ಕಾಣತೊಡಗಿದವು. ಅವು ಅಡ್ವರ್ಬ್‌ಗಳೇ, ಗುರುತು ಮಾತ್ರ ಹೋಗಿದೆ. 'ರನ್ ಫಾಸ್ಟ್' ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿ ಲಿ ಇಲ್ಲದ ಅಡ್ವರ್ಬ್‌ಗಳು ಇಂದಿಗಿಂತ ಧಾರಾಳವಾಗಿ ನಡೆಯುತ್ತಿದ್ದವು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಬರೆದ ಚಿಕ್ಕ ವ್ಯಾಕರಣದಲ್ಲಿ ಅಡ್ಜೆಕ್ಟಿವ್‌ಗಳನ್ನು ಅಡ್ವರ್ಬ್‌ಗಳಾಗಿ ಬಳಸುವುದು ಸಲ್ಲದು ಎಂದ. ತಪ್ಪಿಗೆ ಅವನು ಕೊಟ್ಟ ಉದಾಹರಣೆಗಳು ಹಳ್ಳಿಗರವಲ್ಲ. ದೊಡ್ಡ ಲೇಖಕರಾದ ಡ್ರೈಡನ್, ಸ್ವಿಫ್ಟ್ ಇವರೂ ಆ ಪಟ್ಟಿಯಲ್ಲಿದ್ದರು. 1795ರ ಲಿಂಡ್ಲೆ ಮರೆಯ ವ್ಯಾಕರಣ ಇಂಥ ಕಟ್ಟಳೆಗಳನ್ನು ಶಾಲೆಶಾಲೆಗೆ ಹಂಚಿತು. ಅದೇ ಪರಂಪರೆಯ ಶಾಲಾವ್ಯಾಕರಣ ರೆನ್ ಮತ್ತು ಮಾರ್ಟಿನ್ ಪುಸ್ತಕದ ರೂಪದಲ್ಲಿ ನಮ್ಮ ಕೈಗೂ ಬಂತು. ನಾವು ಅನಾದಿಯೆಂದು ತಿಳಿದಿರುವ ಕಟ್ಟುನಿಟ್ಟಿಗೆ ಇನ್ನೂ ಮುನ್ನೂರು ವರ್ಷ ತುಂಬಿಲ್ಲ.

ಆದ್ದರಿಂದ ಘಾಟಿ ರಸ್ತೆಯ 'ಗೋ ಸ್ಲೋ' ಫಲಕ ನೋಡಿ 'ಸ್ಲೋಲಿ ಆಗಬೇಕಿತ್ತು' ಎಂದು ನಗುವ ಪಂಡಿತರಿಗೆ ನನ್ನ ಮನವಿ: ಫಲಕ ಸರಿಯಾಗಿದೆ, ಬ್ರೇಕಿನ ಕಡೆ ಗಮನವಿರಲಿ. ಸ್ಲೋ ಶತಮಾನಗಳಿಂದ ಅಡ್ವರ್ಬ್ ಆಗಿಯೂ ನಡೆದಿದೆ. 1997ರಲ್ಲಿ ಆ್ಯಪಲ್ ಕಂಪನಿ 'ಥಿಂಕ್ ಡಿಫರೆಂಟ್' ಎಂದು ಜಾಹೀರಾತು ಕೊಟ್ಟಾಗಲೂ ಲಿ ಎಲ್ಲಿ ಎಂಬ ಕೂಗು ಎದ್ದಿತು. ಹೇಗೆ ಯೋಚಿಸಬೇಕು ಎಂಬುದಕ್ಕಿಂತ ಏನನ್ನು ಯೋಚಿಸಬೇಕು ಎಂಬ ಅರ್ಥವೇ ಅಲ್ಲಿ ಬೇಕಾಗಿತ್ತು ಎಂಬುದು ಸ್ಟೀವ್ ಜಾಬ್ಸ್ ವಾದ. ಒಪ್ಪಬಹುದಾದ ವಾದ. ಹಾಗೆಂದು ಕೆಲಸದ ಅರ್ಜಿಯಲ್ಲಿ 'ಐ ವರ್ಕ್ ಸಿನ್ಸಿಯರ್' ಎಂದು ಬರೆಯಲು ಅದು ಪರವಾನಗಿಯಲ್ಲ.

ನಿಜವಾದ ಅಪಾಯ ಇರುವುದು ಎರಡು ರೂಪಗಳೂ ಉಳಿದು ಅರ್ಥ ಹಂಚಿಕೊಂಡಿರುವ ಕಡೆ. ಹಾರ್ಡ್ ಎಂದರೆ ಕಷ್ಟಪಟ್ಟು. ಹಾರ್ಡ್ಲಿ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾರ್ಡ್ಲಿಗೂ ಒಂದು ಕಾಲದಲ್ಲಿ ಬಲವಾಗಿ ಎಂಬರ್ಥವಿತ್ತು. ಅದು ಬರಬರುತ್ತಾ ಪ್ರಯಾಸದಿಂದ ಎಂದಾಗಿ, ಕೊನೆಗೆ ಇಲ್ಲವೆನ್ನುವಷ್ಟು ಎಂಬಲ್ಲಿಗೆ ಬಂದು ನಿಂತಿತು. ಶಿಷ್ಯನ ಮೇಲಿನ ಪ್ರೀತಿಯಿಂದ ಶಿಫಾರಸು ಪತ್ರದಲ್ಲಿ 'ಹಿ ವರ್ಕ್ಸ್ ಹಾರ್ಡ್ಲಿ' ಎಂದು ಬರೆದರೆ, ಓದಿದವರು ಅವನನ್ನು ಸೋಮಾರಿ ಎಂದುಕೊಂಡರೆ ತಪ್ಪು ಅವರದಲ್ಲ. ಲೇಟ್ ಎಂದರೆ ತಡವಾಗಿ, ಲೇಟ್ಲಿ ಎಂದರೆ ಈಚೆಗೆ. ನಿಯರ್ ಹತ್ತಿರ, ನಿಯರ್ಲಿ ಹೆಚ್ಚುಕಡಿಮೆ. ರೈಲ್ವೆ ನಿಲ್ದಾಣದ ಧ್ವನಿವರ್ಧಕದಲ್ಲಿ ಬರುವ 'ಶಾರ್ಟ್ಲಿ'ಗೆ ಸ್ವಲ್ಪ ಹೊತ್ತಿನಲ್ಲಿ ಎಂದು ಅರ್ಥ. ಆ ಸ್ವಲ್ಪ ಎಷ್ಟು ಎಂಬುದು ವ್ಯಾಕರಣದ ವ್ಯಾಪ್ತಿಗೆ ಬರುವುದಿಲ್ಲ. ಇವಕ್ಕೆ ನಿಯಮವಿಲ್ಲ, ಬಾಯಿಪಾಠವೇ ಗತಿ.

ಪದಗಳ ಜಾಗದ ವಿಷಯದಲ್ಲೂ ನಮ್ಮ ಕನ್ನಡ ಇಣುಕುತ್ತದೆ. 'ಐ ಕೇಮ್ ಯೆಸ್ಟರ್‌ಡೇ ಓನ್ಲಿ' ಎಂಬುದರೊಳಗೆ 'ನಿನ್ನೆಯೇ ಬಂದೆ' ಎಂಬುದರ ಏಕಾರ ಕೂತಿದೆ. ನಮ್ಮ ಏ ತನಗೆ ಬೇಕಾದ ಪದದ ಬಾಲಕ್ಕೆ ಅಂಟುತ್ತದೆ. ಇಂಗ್ಲಿಷಿನ ಓನ್ಲಿ ಸಾಮಾನ್ಯವಾಗಿ ಮುಂದೆ ನಿಲ್ಲುತ್ತದೆ. 'ಬಿಸಿ ಬಿಸಿ ಕಾಫಿ' ಹಾಟ್ ಹಾಟ್ ಕಾಫಿ ಆಗುವುದೂ ಹೀಗೆಯೇ. ವಿಶೇಷಣಗಳ ಸಾಲಿನಲ್ಲಿ ಯಾವುದು ಮೊದಲು ಎಂಬ ಕಟ್ಟಳೆಯಂತೂ ಇಂಗ್ಲಿಷರಿಗೇ ಹೇಳಲು ಬಾರದು. ಕಾದಂಬರಿಕಾರ ಟೋಲ್ಕಿನ್ ಏಳು ವರ್ಷದವನಿದ್ದಾಗ ಡ್ರ್ಯಾಗನ್ ಕಥೆಯೊಂದನ್ನು ಬರೆದನಂತೆ. 'ಗ್ರೀನ್ ಗ್ರೇಟ್ ಡ್ರ್ಯಾಗನ್' ಎನ್ನಬಾರದು, 'ಗ್ರೇಟ್ ಗ್ರೀನ್' ಎನ್ನಬೇಕು ಎಂದು ಅವನ ತಾಯಿ ತಿದ್ದಿದಳು. ಏಕೆ ಎಂಬುದು ತನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ ಎಂದು ಅವನು 1955ರಲ್ಲಿ ಕವಿ ಆಡೆನ್‌ಗೆ ಪತ್ರ ಬರೆದ. ಆಗ ಅವನು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ! ನಮ್ಮಲ್ಲಿ 'ಹಳೇ ದೊಡ್ಡ ಮನೆ'ಯೂ ಸರಿ, 'ದೊಡ್ಡ ಹಳೇ ಮನೆ'ಯೂ ಸರಿ.

ಇನ್ನು ಅಡ್ವರ್ಬ್‌ಗಳನ್ನೇ ದೂರವಿಡಿ ಎನ್ನುವ ಪಂಥ. ಕಾದಂಬರಿಕಾರ ಸ್ಟೀಫನ್ ಕಿಂಗ್ 2000ದಲ್ಲಿ ಬರವಣಿಗೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅವುಗಳ ಮೇಲೆ ಹರಿಹಾಯ್ದಿದ್ದಾನೆ. ಇಂಗ್ಲಿಷಿಗೆ ಆ ಸಲಹೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ರೀತಿಯೂ ಕ್ರಿಯಾಪದದೊಳಗೇ ಇರುತ್ತದೆ: ಸ್ಟ್ರೈಡ್, ಸ್ಟ್ರೋಲ್, ಲಿಂಪ್, ಟ್ರಜ್. ಇವನ್ನು ಬಿಟ್ಟು ಎಲ್ಲಕ್ಕೂ ವಾಕ್ ಹಾಕಿ ಲಿ ಹಚ್ಚುವವನ ಇಂಗ್ಲಿಷ್ ಸಪ್ಪೆಯಾಗುತ್ತದೆ. ಆದರೆ ಕನ್ನಡದ ಕಥೆಗಾರರು ಈ ಉಪದೇಶವನ್ನು ತಲೆಯ ಮೇಲೆ ಹೊತ್ತುಕೊಂಡು ಬರಬಾರದು. ಸರಸರ, ದಡದಡ, ಮೆಲ್ಲಗೆ, ಧೊಪ್ಪನೆ, ಥಟ್ಟನೆ ಎಂಬ ನಮ್ಮ ಅವ್ಯಯಗಳನ್ನು ಕಿತ್ತರೆ ನಮ್ಮ ಕ್ರಿಯಾಪದಗಳಿಗೆ ಜೀವವೇ ಇರುವುದಿಲ್ಲ.

ನಮ್ಮ ಮಕ್ಕಳು ಮೊಟ್ಟಮೊದಲು ಬರೆಯುವ ಅಡ್ವರ್ಬ್ ಬಹುಶಃ ರಜಾ ಅರ್ಜಿಯ ಕೊನೆಯದು: 'ಯುವರ್ಸ್ ಒಬೀಡಿಯೆಂಟ್ಲಿ'. 'ತಮ್ಮ ವಿಧೇಯ ವಿದ್ಯಾರ್ಥಿ' ಎಂಬುದು ತಲೆಯಲ್ಲಿರುವುದರಿಂದ ಕೆಲವರು ಎರಡನ್ನೂ ಕಲಸಿ 'ಯುವರ್ಸ್ ಒಬೀಡಿಯೆಂಟ್ ಸ್ಟೂಡೆಂಟ್' ಎಂದು ಬರೆಯುತ್ತಾರೆ. ಸ್ಟೂಡೆಂಟ್ ಇದ್ದರೆ ಯುವರ್ ಮತ್ತು ಒಬೀಡಿಯೆಂಟ್, ಇಲ್ಲದಿದ್ದರೆ ಯುವರ್ಸ್ ಮತ್ತು ಒಬೀಡಿಯೆಂಟ್ಲಿ. ಇದನ್ನು ಕಪ್ಪುಹಲಗೆಯ ಮೇಲೆ ಕನ್ನಡದ ಪಕ್ಕದಲ್ಲೇ ಬರೆದು ತೋರಿಸಲು ಎರಡು ನಿಮಿಷ ಸಾಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡದಲ್ಲಿ ಬಾಯಿಬಿಟ್ಟರೆ ದಂಡ ಹಾಕುವ ಶಾಲೆಗಳಿಗೆ ನನ್ನ ಕೋರಿಕೆ ಒಂದೇ: ಅಡ್ಜೆಕ್ಟಿವ್-ಅಡ್ವರ್ಬ್ ಪಾಠದ ದಿನವಾದರೂ ಆ ದಂಡ ಎತ್ತಿಡಿ, 'ನೋಡು' ಮತ್ತು 'ಕಾಣು' ಎರಡನ್ನೂ ಹಲಗೆಯ ಮೇಲೆ ಬರೆದು ಪಾಠ ಶುರುಮಾಡಿ.